ಮಾಡುವವರೂ ಬಳಸುವವರೂ: ವಿನ್ಯಾಸ ಚಿಂತನೆಯ ಒಂದು ಪಾಠ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ವಿದ್ಯಾರ್ಥಿಗಳಿಗೂ ಹಿರಿಯರಿಗೂ ಉಪಯೋಗವಾಗುವಂತಹ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿಕೊಂಡಾಗ, ರಾಯದುರ್ಗದ ಕೋಟೆಯನ್ನು ಕುರಿತೋ ಹೇಮಾವತಿಯ ನೊಳಂಬರ ದೇವಾಲಯಗಳನ್ನು ಕುರಿತೋ ಬರೆಯೋಣವೆಂದುಕೊಂಡಿದ್ದೆ. ಆ ಸಂಕಲ್ಪವನ್ನು ಬದಲಿಸಿದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಯುಗಾದಿಗೆ ಬೆಂಗಳೂರಿನಿಂದ ಊರಿಗೆ ಬಂದವನು ನನ್ನನ್ನು ನೋಡಲು ಮನೆಗೆ ಬಂದಿದ್ದನು. “ಏನು ಉದ್ಯೋಗ ಮಾಡುತ್ತಿದ್ದೀಯಪ್ಪಾ?” ಎಂದು ಕೇಳಿದೆ. “ಮೊಬೈಲಿನ ಪರದೆಯ ಮೇಲೆ ಯಾವ ಗುಂಡಿ ಎಲ್ಲಿರಬೇಕು, ಬಳಸುವವರು ಎಲ್ಲಿ ತಡವರಿಸುತ್ತಾರೆ ಅಂತ ನೋಡೋದು ಸಾರ್. ಡಿಸೈನ್ ಥಿಂಕಿಂಗ್, ಯೂಸರ್ ಎಕ್ಸ್‌ಪೀರಿಯನ್ಸ್ ಅಂತಾರೆ” ಎಂದನು.

ನನಗೆ ಅರ್ಥವಾಗಲಿಲ್ಲ. ಅವನು ನನ್ನ ಮೊಬೈಲನ್ನೇ ನನ್ನ ಕೈಗೆ ಕೊಟ್ಟು, ವಿದ್ಯುತ್ ಬಿಲ್ಲನ್ನು ಕಟ್ಟಿ ತೋರಿಸಿರೆಂದು ಹೇಳಿ ಪಕ್ಕದಲ್ಲಿ ಸುಮ್ಮನೆ ಕುಳಿತನು. ನಾನು ಮೂರು ಸಲ ತಪ್ಪು ಗುಂಡಿಯನ್ನು ಒತ್ತಿದೆ. ನಾಲ್ಕನೆಯ ಸಲಕ್ಕೆ ಮೊಬೈಲನ್ನು ಕೆಳಗಿಟ್ಟು, “ನನಗೆ ವಯಸ್ಸಾಯಿತಪ್ಪಾ, ಇದೆಲ್ಲ ಬರುವುದಿಲ್ಲ” ಎಂದೆ. ಅವನು ಹೇಳಿದ ಮಾತು ಇದು: “ತಪ್ಪು ನಿಮ್ಮದಲ್ಲ ಸಾರ್. ಇದನ್ನು ಮಾಡಿದವರು ನಿಮ್ಮನ್ನು ನೋಡದೆ ಮಾಡಿದ್ದಾರೆ.”

ಮೂವತ್ತೆಂಟು ವರ್ಷಗಳ ಕಾಲ ಪಾಠ ಹೇಳಿದ ನಾನು ಇದಕ್ಕೆ ತದ್ವಿರುದ್ಧವಾದುದನ್ನೇ ನಂಬಿದ್ದೆ. ಮಗು ತಡವರಿಸಿದರೆ ತಪ್ಪು ಮಗುವಿನದು. ಅವನು ಹೊರಟುಹೋದ ಮೇಲೂ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ.ವರೆಗೆ ಓದಿದ ನನಗೆ ಈ ವಿದ್ಯೆ ಹೊಸದು. ಆದುದರಿಂದ ಅವನಿಂದ ಕೇಳಿ, ಸಿಕ್ಕಿದ್ದನ್ನು ಓದಿ ತಿಳಿದುಕೊಂಡಷ್ಟನ್ನು ನಮ್ಮ ನೆಲದ ಉದಾಹರಣೆಗಳೊಡನೆ ಪಾಠದ ರೂಪದಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ವಿನ್ಯಾಸವೆಂದರೇನು?

ವಿನ್ಯಾಸವೆಂದೊಡನೆ ನಮಗೆ ನೆನಪಾಗುವುದು ಸೀರೆಯ ಅಂಚು, ರಂಗೋಲಿ, ಇಲ್ಲವೆ ರಾಯದುರ್ಗದಲ್ಲಿ ಹೊಲಿಯುವ ಜೀನ್ಸ್ ಉಡುಪಿನ ಬಣ್ಣ ಮತ್ತು ಕಸೂತಿ. ಇದು ಕಣ್ಣಿಗೆ ಸಂಬಂಧಿಸಿದ ಅರ್ಥ. ಇದಕ್ಕಿಂತ ಆಳವಾದ ಇನ್ನೊಂದು ಅರ್ಥವಿದೆ. ಒಂದು ವಸ್ತುವನ್ನಾಗಲಿ ಒಂದು ಏರ್ಪಾಡನ್ನಾಗಲಿ ಯಾರು, ಎಲ್ಲಿ, ಯಾವ ಸ್ಥಿತಿಯಲ್ಲಿ ಬಳಸುತ್ತಾರೆಂಬುದನ್ನು ಅರಿತು, ಅವರ ಕೆಲಸವು ಸುಗಮವಾಗುವಂತೆ ಅದನ್ನು ರೂಪಿಸುವುದೇ ವಿನ್ಯಾಸ. ಈ ಅರ್ಥದಲ್ಲಿ ವಿನ್ಯಾಸವು ನಮ್ಮ ಹಳ್ಳಿಗಳಿಗೆ ಹೊಸದೇನೂ ಅಲ್ಲ.

ನಮ್ಮ ಹಿರಿಯರ ಕಾಲದ ಕೂರಿಗೆಯನ್ನು ನೋಡಿರಿ. ಬೀಜ ಹಾಕುವ ಬಟ್ಟಲು, ಅದರಿಂದ ಇಳಿಯುವ ಬಿದಿರಿನ ಕೊಳವೆಗಳು, ನೆಲವನ್ನು ಸೀಳುವ ಮೊನೆಗಳು. ಇವನ್ನು ಮಾಡುತ್ತಿದ್ದವನು ಅದೇ ಊರಿನ ಬಡಗಿ. ಸಾಲಿನಿಂದ ಸಾಲಿಗೆ ಎಷ್ಟು ಅಂತರವಿರಬೇಕು, ಈ ರೈತನ ಎತ್ತುಗಳ ಎತ್ತರವೆಷ್ಟು, ಇವನ ಹೊಲ ಕೆಂಪು ಮಣ್ಣೋ ಎರೆ ಮಣ್ಣೋ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಕೂರಿಗೆ ಸರಿಯಾಗಿ ಬಿತ್ತದಿದ್ದರೆ ಸುಗ್ಗಿಯಲ್ಲಿ ಕಣಕ್ಕೆ ಆಯ ಪಡೆಯಲು ಹೋದಾಗ ರೈತನ ಮಾತನ್ನು ಅವನು ಕೇಳಲೇಬೇಕಾಗಿತ್ತು. ಮಾಡುವವನಿಗೂ ಬಳಸುವವನಿಗೂ ನಡುವೆ ಒಂದೇ ಬೀದಿಯ ದೂರ.

ಅಡುಗೆಮನೆಯಲ್ಲಿ ಮುದ್ದೆ ತೊಳಸುವ ತಾಯಂದಿರ ಕೈಯಲ್ಲಿರುವ ಕವೆಗೋಲು ಇನ್ನೊಂದು ಉದಾಹರಣೆ. ಹಿಟ್ಟನ್ನು ಬಲವಾಗಿ ತೊಳಸುವಾಗ ಪಾತ್ರೆಯು ಅಲುಗಾಡದಂತೆ ಒತ್ತಿ ಹಿಡಿಯಲು ಅದು ಹುಟ್ಟಿತು. ಯಾವ ಎಂಜಿನಿಯರನೂ ಅದನ್ನು ರೂಪಿಸಲಿಲ್ಲ. ಮಡಕಶಿರಾ ಕಡೆಯ ರೇಷ್ಮೆ ಬೆಳೆಗಾರರ ಮನೆಯಲ್ಲಿರುವ ಬಿದಿರಿನ ಚಂದ್ರಿಕೆಯಂತೂ ಇನ್ನೂ ಸ್ವಾರಸ್ಯದ್ದು. ಅದನ್ನು ಬಳಸುವುದು ಮನುಷ್ಯನಲ್ಲ, ಹುಳು. ಗೂಡು ಕಟ್ಟಲು ಹೊರಟ ಹುಳುವಿಗೆ ಎರಡೂ ಬದಿಯಲ್ಲಿ ಆಸರೆ ಸಿಗುವಷ್ಟೇ ಅಂತರದಲ್ಲಿ ಬಿದಿರಿನ ಪಟ್ಟಿಯನ್ನು ಸುರುಳಿಯಾಗಿ ನಿಲ್ಲಿಸಿರುತ್ತಾರೆ. ಮಾತನಾಡದ ಹುಳುವಿನ ಅಗತ್ಯವನ್ನು ಕೂಡ ಬರಿಯ ಕಣ್ಣಿನಿಂದ ನೋಡಿ ನೋಡಿಯೇ ಅರಿತುಕೊಂಡ ಜನ ನಾವು.

ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ವಿನ್ಯಾಸಕಾರ ದಂಪತಿಗಳು ಭಾರತ ಸರ್ಕಾರದ ಕೋರಿಕೆಯಂತೆ ಇಲ್ಲಿ ಸಂಚರಿಸಿ 1958ರಲ್ಲಿ ಒಂದು ವರದಿಯನ್ನು ಸಲ್ಲಿಸಿದರು. ಅದರಲ್ಲಿ ಅವರು ಬಹಳವಾಗಿ ಮೆಚ್ಚಿಕೊಂಡ ವಸ್ತುವೆಂದರೆ ನಮ್ಮ ಮನೆಯ ಸಾಮಾನ್ಯ ತಂಬಿಗೆ. ತುಂಬಿದಾಗಲೂ ಬರಿದಾದಾಗಲೂ ಅದು ಕೈಯಲ್ಲಿ ಹೇಗೆ ನಿಲ್ಲುತ್ತದೆ, ನೀರು ಹೇಗೆ ಸುರಿಯುತ್ತದೆ, ಒಳಗೆ ತೊಳೆಯಲು ಕೈ ಹೋಗುತ್ತದೆಯೆ, ಬೆಲೆಯೆಷ್ಟು ಎಂದೆಲ್ಲ ಅವರು ಪ್ರಶ್ನಿಸಿಕೊಂಡರು. ಅದು ಯಾರೋ ಒಬ್ಬನ ಕೃತಿಯಲ್ಲ, ಅನೇಕ ತಲೆಮಾರುಗಳು ತಿದ್ದಿ ತಿದ್ದಿ ರೂಪಿಸಿದ್ದೆಂದು ಗುರುತಿಸಿದರು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪಿತವಾಯಿತು.

ಮಾಡುವವರು ದೂರವಾದಾಗ

ಕಾರ್ಖಾನೆಗಳು ಬಂದ ಮೇಲೆ ಆ ಒಂದು ಬೀದಿಯ ದೂರವು ಸಾವಿರಾರು ಮೈಲಿಯಾಯಿತು. ವಸ್ತುವನ್ನು ಮಾಡುವವರು ಎಲ್ಲಿಯೋ, ಬಳಸುವವರು ಎಲ್ಲಿಯೋ. ಕಣದಲ್ಲಿ ಎದುರಿಗೆ ನಿಂತು ದೂರು ಹೇಳುವ ರೈತನಿಲ್ಲ. ಈ ಕಳೆದುಹೋದ ಸಂಬಂಧವನ್ನು ಪ್ರಯತ್ನಪೂರ್ವಕವಾಗಿ ಮರಳಿ ಕಟ್ಟುವ ಶಿಸ್ತಿಗೆ ವಿನ್ಯಾಸ ಚಿಂತನೆ ಎಂದು ಹೆಸರು.

ವಿನ್ಯಾಸವು ಎಂಜಿನಿಯರರ ಮತ್ತು ವಾಸ್ತುಶಿಲ್ಪಿಗಳ ಸ್ವತ್ತು ಮಾತ್ರವಲ್ಲ, ವೈದ್ಯನೂ ಆಡಳಿತಗಾರನೂ ಮಾಡುವುದು ಅದನ್ನೇ ಎಂದು 1969ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದವರು ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್. ಮುಂದೆ 1978ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ ಅವರು 1988ರಲ್ಲಿ ದಿನಬಳಕೆಯ ವಸ್ತುಗಳನ್ನು ಕುರಿತು ಒಂದು ಗ್ರಂಥವನ್ನು ಬರೆದರು. ತಳ್ಳಬೇಕೋ ಎಳೆಯಬೇಕೋ ತಿಳಿಯದ ಬಾಗಿಲಿನ ಮುಂದೆ ಮನುಷ್ಯ ಪೆಚ್ಚಾಗಿ ನಿಂತರೆ ದೋಷವು ಬಾಗಿಲಿನದೇ ಎಂಬುದು ಅವರ ವಿಚಾರದ ತಿರುಳು. ಬಳಕೆದಾರನ ಅನುಭವ ಎಂಬ ಅರ್ಥದ ‘ಯೂಸರ್ ಎಕ್ಸ್‌ಪೀರಿಯನ್ಸ್’ ಎಂಬ ಪದವು 1990ರ ದಶಕದಲ್ಲಿ ಪ್ರಚಾರಕ್ಕೆ ಬಂದುದು ಬಹುಮಟ್ಟಿಗೆ ಅವರಿಂದಲೇ.

ಈ ಶಿಸ್ತನ್ನು ಕಲಿಸುವವರು ಸಾಮಾನ್ಯವಾಗಿ ಐದು ಹೆಜ್ಜೆಗಳನ್ನು ಹೇಳುತ್ತಾರೆ.

1. ಮನಗಾಣುವುದು: ಬಳಸುವವರ ಬಳಿಗೆ ಹೋಗಿ, ಅವರು ಮಾಡುವುದನ್ನು ನೋಡುವುದು, ಹೇಳುವುದನ್ನು ಕೇಳುವುದು.
2. ಸಮಸ್ಯೆಯ ನಿರೂಪಣೆ: ನಿಜವಾದ ತೊಡಕು ಯಾವುದೆಂದು ಒಂದು ವಾಕ್ಯದಲ್ಲಿ ಬರೆಯುವುದು.
3. ಊಹನೆ: ಒಂದೇ ಉಪಾಯಕ್ಕೆ ಅಂಟಿಕೊಳ್ಳದೆ ಹಲವು ಉಪಾಯಗಳನ್ನು ಯೋಚಿಸುವುದು.
4. ಮಾದರಿ: ಕಡಿಮೆ ಖರ್ಚಿನಲ್ಲಿ ಒಂದು ಕಚ್ಚಾ ಮಾದರಿಯನ್ನು ಮಾಡುವುದು.
5. ಪರೀಕ್ಷೆ: ಅದನ್ನು ಬಳಸುವವರ ಕೈಗೆ ಕೊಟ್ಟು, ತಪ್ಪು ಕಂಡರೆ ಮತ್ತೆ ಮೊದಲಿನಿಂದ ತಿದ್ದುವುದು.

ಇವುಗಳಲ್ಲಿ ಮೊದಲನೆಯದೇ ಪ್ರಧಾನವಾದುದು. ಅದು ತಪ್ಪಿದರೆ ಉಳಿದ ನಾಲ್ಕೂ ನಿಷ್ಫಲ. ಇದಕ್ಕೆ ನಮ್ಮ ಊರುಗಳಲ್ಲಿ ನಾವೆಲ್ಲರೂ ಕೈಯಾರೆ ಬಳಸಿದ ಒಂದು ವಸ್ತುವನ್ನೇ ಸಾಕ್ಷಿಯಾಗಿ ತೆಗೆದುಕೊಳ್ಳೋಣ.

ಕೈಪಂಪಿನ ಕಥೆ

ಅನಂತಪುರ ಸೀಮೆ ಮಳೆ ಕಡಿಮೆಯಾದ ಸೀಮೆ. ರಾಯದುರ್ಗವು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಬಳಿಕ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರಾ 2022ರಲ್ಲಿ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆಗಳು ಬದಲಾದವು, ನೀರಿನ ಬವಣೆ ಬದಲಾಗಲಿಲ್ಲ. ಆದಕಾರಣ ಕೊಳವೆಬಾವಿಯ ಕೈಪಂಪು, ಅಂದರೆ ನಮ್ಮ ಜನ ‘ಬೋರಿಂಗ್’ ಎಂದು ಕರೆಯುವ ವಸ್ತು, ನಮಗೆ ಚಿರಪರಿಚಿತ.

1960ರ ದಶಕದ ಕೊನೆಯ ಬರಗಾಲಗಳಲ್ಲಿ, ಗಟ್ಟಿ ಬಂಡೆಯನ್ನು ಕೊರೆಯಬಲ್ಲ ಯಂತ್ರಗಳು ಯುನಿಸೆಫ್ ಸಂಸ್ಥೆಯ ನೆರವಿನಿಂದ ದೇಶಕ್ಕೆ ಬಂದವು. ಸಾವಿರಾರು ಕೊಳವೆಬಾವಿಗಳು ಸಿದ್ಧವಾದವು. ಅವುಗಳ ಮೇಲೆ ಕೂರಿಸಿದ್ದು ಎರಕದ ಕಬ್ಬಿಣದ ಪಂಪುಗಳನ್ನು. ಇವು ಯೂರೋಪು, ಅಮೆರಿಕಗಳ ತೋಟದ ಮನೆಗಳಲ್ಲಿ ಒಂದೇ ಕುಟುಂಬವು ಬಳಸುತ್ತಿದ್ದ ಪಂಪಿನ ನಕಲುಗಳಾಗಿದ್ದವು. ನಮ್ಮಲ್ಲಿಯಾದರೋ ಒಂದು ಪಂಪಿಗೆ ಒಂದು ಊರು. ಕೋಳಿ ಕೂಗುವ ಹೊತ್ತಿಗೆ ಬಿಂದಿಗೆಗಳ ಸಾಲು ಆರಂಭವಾದರೆ ದೀಪ ಹಚ್ಚುವವರೆಗೆ ಹಿಡಿಕೆಗೆ ಬಿಡುವಿಲ್ಲ. ನೀರೂ ಬಹಳ ಆಳದಲ್ಲಿ. ಪರಿಣಾಮವಾಗಿ ಹಿಡಿಕೆ ಮುರಿಯಿತು, ಬುಡ ಸಡಿಲವಾಯಿತು. 1970ರ ದಶಕದ ನಡುಭಾಗದಲ್ಲಿ ತಮಿಳುನಾಡು ಮತ್ತು ಮಹಾರಾಷ್ಟ್ರಗಳಲ್ಲಿ ಸಮೀಕ್ಷೆ ನಡೆಸಿದಾಗ ನಾಲ್ಕು ಪಂಪುಗಳಲ್ಲಿ ಸುಮಾರು ಮೂರು ಕೆಟ್ಟು ನಿಂತಿದ್ದುದು ಕಂಡುಬಂದಿತು.

ಇಂತಹ ಸಂದರ್ಭದಲ್ಲಿ ಹಳ್ಳಿಯ ಜನರಿಗೆ ಬಳಸಲು ಬರುವುದಿಲ್ಲವೆಂದು ದೂರುವುದು ಸುಲಭ. ಆದರೆ ಮಹಾರಾಷ್ಟ್ರದ ಜಾಲ್ನಾ ಮತ್ತು ಸೊಲ್ಲಾಪುರಗಳಲ್ಲಿ ಕೊಳವೆಬಾವಿ ಕೊರೆಸುತ್ತಿದ್ದ ಸೇವಾಸಂಸ್ಥೆಗಳ ಕೆಲಸಗಾರರು ಹಾಗೆ ದೂರಲಿಲ್ಲ. ಪಂಪು ಎಲ್ಲಿ ಮುರಿಯುತ್ತದೆಂಬುದನ್ನು ನೋಡಿದರು. ಎರಕದ ಕಬ್ಬಿಣದ ಬದಲು ಉಕ್ಕನ್ನು ಬಳಸಿದರು. ಹಲವು ಕೀಲುಗಳ ಬದಲು ಒಂದೇ ಕೀಲಿನ ಮೇಲೆ ಹಿಡಿಕೆ ಆಡುವಂತೆ ಮಾಡಿದರು. ಕೊಳವೆಗೆ ಬಿಗಿದಿದ್ದ ಪಂಪನ್ನು ಬಿಡಿಸಿ, ಕಾಂಕ್ರೀಟಿನಲ್ಲಿ ಹೂತ ಪೀಠದ ಮೇಲೆ ನಿಲ್ಲಿಸಿದರು. ಇದರಿಂದ ಅಲುಗಾಟವು ತಪ್ಪಿತು, ಚೆಲ್ಲಿದ ಕೊಳೆನೀರು ಬಾವಿಗೆ ಇಳಿಯುವುದೂ ತಪ್ಪಿತು.

ಸೊಲ್ಲಾಪುರದ ಪಂಪನ್ನೇ ತಳಹದಿಯಾಗಿ ಇಟ್ಟುಕೊಂಡು ಭಾರತ ಸರ್ಕಾರ, ಯುನಿಸೆಫ್, ಸರ್ಕಾರಿ ಸಂಶೋಧನಾ ಸಂಸ್ಥೆ ಹಾಗೂ ಮದರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡ್ಡಾಸ್ ಕಾರ್ಖಾನೆ ಸೇರಿ ಹೊಸ ಪಂಪನ್ನು ರೂಪಿಸಿದವು. ಸರಪಳಿ, ಧೂಳು ಹೋಗದಂತೆ ಮುಚ್ಚಿದ ಬೇರಿಂಗು, ಯಾವ ಕಾರ್ಖಾನೆ ಮಾಡಿದರೂ ಒಂದಕ್ಕೊಂದು ಹೊಂದುವ ಬಿಡಿಭಾಗಗಳು ಇದರ ವಿಶೇಷ. ಮೊದಲು ಕೆಲವೇ ಮಾದರಿಗಳನ್ನು ಕೊಯಮತ್ತೂರು ಸುತ್ತಿನ ಆಳವಾದ ಬಾವಿಗಳ ಮೇಲೆ ಕೂರಿಸಿ, ಊರವರ ಕೈಯಲ್ಲಿಯೇ ಪರೀಕ್ಷಿಸಿದರು. ಬಳಿಕವೇ ದೊಡ್ಡ ಪ್ರಮಾಣದ ತಯಾರಿಕೆಗೆ ಕೈಹಾಕಿದರು. ಇದೇ ಇಂಡಿಯಾ ಮಾರ್ಕ್ 2 ಪಂಪು. 1979ರಲ್ಲಿ ಇದಕ್ಕೆ ಭಾರತೀಯ ಮಾನಕವೂ ನಿಗದಿಯಾಯಿತು. ಯಾರೂ ಇದಕ್ಕೆ ಹಕ್ಕುಸ್ವಾಮ್ಯ ಹೇಳಲಿಲ್ಲ. ಆದ್ದರಿಂದ ಆಫ್ರಿಕದ ಹಳ್ಳಿಗಳವರೆಗೂ ಹರಡಿತು.

ಪಾಠವು ಇಲ್ಲಿಗೆ ಮುಗಿಯುವುದಿಲ್ಲ. ಮಾರ್ಕ್ 2 ಪಂಪಿನ ಒಳಗಿನ ಚರ್ಮದ ವಾಷರು ಸವೆದರೆ ಅದನ್ನು ಬದಲಿಸಲು ಬಾವಿಯೊಳಗಿನ ಭಾರವಾದ ಕೊಳವೆಗಳನ್ನೆಲ್ಲ ಮೇಲೆತ್ತಬೇಕಾಗಿತ್ತು. ಊರವರಿಂದ ಅದು ಸಾಧ್ಯವಿರಲಿಲ್ಲ. ವ್ಯಾನಿನಲ್ಲಿ ಸಲಕರಣೆಗಳೊಡನೆ ತಂಡ ಬರುವವರೆಗೆ ಕಾಯಬೇಕು. ಪಂಪು ಕೆಟ್ಟ ದಿನಗಳಲ್ಲಿ ದೂರದ ಬಾವಿಗೆ ನಡೆಯುತ್ತಿದ್ದವರು ಹೆಣ್ಣುಮಕ್ಕಳು. ವಿನ್ಯಾಸಕಾರರು ನೀರು ಸೇದುವವರನ್ನು ನೋಡಿದ್ದರು, ರಿಪೇರಿ ಮಾಡುವವರನ್ನು ಸಾಕಷ್ಟು ನೋಡಿರಲಿಲ್ಲ. ಆದುದರಿಂದ 1980ರ ದಶಕದಲ್ಲಿ ಕೊಯಮತ್ತೂರಿನಲ್ಲಿಯೇ ಮತ್ತೆ ಪ್ರಯೋಗಗಳು ನಡೆದು ಮಾರ್ಕ್ 3 ಬಂದಿತು. ಇದರಲ್ಲಿ ಕೊಳವೆಯನ್ನು ಅಗಲ ಮಾಡಿ, ಅದನ್ನು ಎತ್ತದೆಯೇ ಒಳಗಿನ ಭಾಗಗಳನ್ನು ಮೇಲಕ್ಕೆಳೆದು ಸರಿಪಡಿಸುವಂತೆ ಮಾಡಿದರು. 1990ರ ದಶಕದಲ್ಲಿ ಉತ್ತರ ಪ್ರದೇಶದ ಬಾಂದಾ ಜಿಲ್ಲೆಯ ಗ್ರಾಮೀಣ ಮಹಿಳೆಯರು ಮಹಿಳಾ ಸಮಾಖ್ಯೆಯ ಮೂಲಕ ತರಬೇತಿ ಪಡೆದು ತಾವೇ ಪಂಪು ದುರಸ್ತಿ ಮಾಡತೊಡಗಿದರು.

ಈ ವಿದ್ಯೆಗೂ ಒಂದು ಮಿತಿಯುಂಟು. ಪಂಪು ಎಷ್ಟೇ ಉತ್ತಮವಾದರೂ ನೀರಿನಲ್ಲಿ ಫ್ಲೋರೈಡ್ ಇದ್ದರೆ, ಅಂತರ್ಜಲವೇ ಕುಸಿದರೆ, ಹಿಡಿಕೆ ಏನು ಮಾಡೀತು? ನಮ್ಮ ಸೀಮೆಯಲ್ಲಿ ಈ ಎರಡನ್ನೂ ಕಂಡಿದ್ದೇವೆ. ವಸ್ತುವನ್ನು ಸರಿಪಡಿಸುವುದು ಒಂದು, ಸಮಸ್ಯೆಯನ್ನು ಪರಿಹರಿಸುವುದು ಇನ್ನೊಂದು.

ಪುರ ಗ್ರಾಮದವರು ಕೇಳಿದ್ದು

ಸಮಸ್ಯೆ ಯಾವುದೆಂದು ಸರಿಯಾಗಿ ನಿರೂಪಿಸುವುದು ಎರಡನೆಯ ಹೆಜ್ಜೆಯೆಂದು ಹೇಳಿದೆನಷ್ಟೆ. ಅದಕ್ಕೆ ಮಡಕಶಿರಾಕ್ಕೆ ಹೊಂದಿಕೊಂಡಿರುವ ತುಮಕೂರು ಜಿಲ್ಲೆಯಲ್ಲಿ ಒಂದು ನಿದರ್ಶನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ, ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ, ಹಳ್ಳಿಗಳಿಗೆ ವಿಜ್ಞಾನವನ್ನು ಅನ್ವಯಿಸುವ ಉದ್ದೇಶದ ‘ಅಸ್ತ್ರ’ ಎಂಬ ಘಟಕವು ಆರಂಭವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಕೇಂದ್ರ. ಅದೇ ತಾಲ್ಲೂಕಿನ ಪುರ ಎಂಬ ಪುಟ್ಟ ಗ್ರಾಮದಲ್ಲಿ ಊರಿಗೆಲ್ಲ ಸೇರಿ ಒಂದು ಸಗಣಿ ಅನಿಲ ಸ್ಥಾವರವನ್ನು ಕಟ್ಟಿ, ಪ್ರತಿ ಮನೆಗೂ ಅಡುಗೆಗೆ ಅನಿಲ ಕೊಡುವುದು ವಿಜ್ಞಾನಿಗಳ ಯೋಜನೆಯಾಗಿತ್ತು.

ಆದರೆ ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಅನಿಲವು ದೊರೆಯಲಿಲ್ಲ. ಅರೆಬರೆ ಅನಿಲ ಯಾರಿಗೂ ತೃಪ್ತಿ ಕೊಡಲಿಲ್ಲ. ಆಗ ಊರವರ ಅಪೇಕ್ಷೆಯನ್ನು ವಿಚಾರಿಸಿದರೆ, ಅವರು ಮುಂದಿಟ್ಟದ್ದು ಕುಡಿಯುವ ನೀರು. ವಿಜ್ಞಾನಿಗಳು ತಮ್ಮ ಯೋಜನೆಗೆ ಅಂಟಿಕೊಳ್ಳದೆ ಅದನ್ನೇ ತಿರುಗಿಸಿದರು. 1987ರಿಂದ ಅದೇ ಅನಿಲದಿಂದ ಎಂಜಿನ್ನು ನಡೆಸಿ, ವಿದ್ಯುತ್ತನ್ನು ಉತ್ಪಾದಿಸಿ, ಕೊಳವೆಬಾವಿಯಿಂದ ನೀರೆತ್ತಿ ನಲ್ಲಿಗಳಿಗೆ ಹರಿಸಲಾಯಿತು. ಮನೆಗಳಿಗೆ ದೀಪವೂ ಬಂದಿತು. ಸಗಣಿ ತಂದುಕೊಟ್ಟವರಿಗೆ ಹಣವನ್ನೂ ಕೊಡಲಾಯಿತು, ಅನಿಲ ತೆಗೆದ ಬಳಿಕ ಉಳಿದ ಗೊಬ್ಬರವನ್ನೂ ಹಿಂತಿರುಗಿಸಲಾಯಿತು. ಆ ಏರ್ಪಾಡು ಸುಮಾರು ಒಂದು ದಶಕ ನಡೆಯಿತು.

ಅದೇ ಹಸು, ಅದೇ ಸಗಣಿ, ಅದೇ ಸ್ಥಾವರ. ಬದಲಾದುದು ಪ್ರಶ್ನೆ ಮಾತ್ರ. “ಇವರಿಗೆ ನಾವು ಏನು ಕೊಡಬಲ್ಲೆವು?” ಎಂಬುದರ ಬದಲು “ಇವರಿಗೆ ಏನು ಬೇಕಾಗಿದೆ?” ಎಂದು ಕೇಳಿದರು. ಅಷ್ಟು ದೊಡ್ಡ ವಿದ್ವಾಂಸರು ತಮ್ಮ ಮೊದಲ ಎಣಿಕೆ ಸರಿಯಾಗಲಿಲ್ಲವೆಂದು ಒಪ್ಪಿಕೊಂಡದ್ದು ನನಗೆ ಆ ಯಂತ್ರಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ಸೇವೆಗೂ ವಿನ್ಯಾಸವುಂಟು

ಕೈಯಲ್ಲಿ ಹಿಡಿಯುವ ವಸ್ತುವಿಗೆ ಮಾತ್ರ ವಿನ್ಯಾಸವೆಂದು ತಿಳಿಯಬಾರದು. ಕಚೇರಿ, ಆಸ್ಪತ್ರೆ, ಬಸ್ಸು, ಚುನಾವಣೆ ಇವೂ ಜನರು ಬಳಸುವಂಥವೇ. 1951-52ರ ಮೊದಲ ಮಹಾಚುನಾವಣೆಯನ್ನು ನೆನೆಯಿರಿ. ಮತದಾರರಲ್ಲಿ ಬಹುಮಂದಿಗೆ ಓದು ಬಾರದು. ಓದು ಕಲಿತ ಮೇಲೆ ಬನ್ನಿರೆಂದು ಅವರನ್ನು ಹಿಂದಕ್ಕೆ ಕಳುಹಿಸಲಿಲ್ಲ. ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ್ ಸೇನ್ ಅವರ ಕಾಲದಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಅವನ ಚಿಹ್ನೆ ಎಂಬ ಏರ್ಪಾಡಾಯಿತು. ಅಕ್ಷರ ಬಾರದ ಅಜ್ಜಿಯೂ ಯಾರ ನೆರವೂ ಇಲ್ಲದೆ, ಗುಟ್ಟಾಗಿ, ತನ್ನ ಮತವನ್ನು ಹಾಕಿದಳು. ಮತದಾರಳು ಬದಲಾಗಬೇಕಾಗಲಿಲ್ಲ, ಪೆಟ್ಟಿಗೆ ಬದಲಾಯಿತು.

ಗಡಿನಾಡಿನ ನಮಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಮನೆಯಲ್ಲಿ ಕನ್ನಡ, ಬಸ್ಸಿನ ಫಲಕದಲ್ಲಿ ತೆಲುಗು, ಬ್ಯಾಂಕಿನ ಚೀಟಿಯಲ್ಲಿ ಇಂಗ್ಲಿಷು. ಕನ್ನಡವನ್ನಷ್ಟೇ ಓದಬಲ್ಲ ತಾಯಿಯೊಬ್ಬಳು ಕೈಯಲ್ಲಿ ಅರ್ಜಿಯನ್ನು ಹಿಡಿದು ಕಚೇರಿಯ ಜಗಲಿಯ ಮೇಲೆ ಕುಳಿತು, ಬರೆದುಕೊಡುವವರಿಗಾಗಿ ಕಾಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆಕೆ ತಾನು ಓದದವಳೆಂದು ನಾಚಿಕೊಳ್ಳುತ್ತಾಳೆ. ಆಕೆ ಓದಿದವಳೇ. ಅರ್ಜಿಯೇ ಆಕೆಯನ್ನು ನೋಡದೆ ತಯಾರಾದದ್ದು.

ನನ್ನದೇ ಒಂದು ತಪ್ಪು

ಇತರರ ದೋಷವನ್ನು ಎತ್ತಿ ಆಡುವವನು ತನ್ನದನ್ನು ಮುಚ್ಚಿಡಬಾರದು. 1990ರ ದಶಕದಲ್ಲಿ ನಾನು ಹಳ್ಳಿಯೊಂದರ ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದಾಗ, ದಾನಿಗಳಿಂದ ಹಣ ಸಂಗ್ರಹಿಸಿ ಕುಡಿಯುವ ನೀರಿನ ತೊಟ್ಟಿಯನ್ನು ಕಟ್ಟಿಸಿದೆ. ದಾನಿಗಳ ಹೆಸರಿನ ಕಲ್ಲು ಹಾಕಿಸಿ, ಸಮಾರಂಭ ಮಾಡಿ, ಹೆಮ್ಮೆಯಿಂದ ಭಾಷಣವನ್ನೂ ಮಾಡಿದೆ. ಕೆಲವು ವಾರಗಳ ಮೇಲೆ ನೋಡಿದರೆ ಗಂಡುಮಕ್ಕಳು ಮಾತ್ರ ನೀರು ಕುಡಿಯುತ್ತಿದ್ದರು. ಹೆಣ್ಣುಮಕ್ಕಳು ತೊಟ್ಟಿಯ ಕಡೆಗೆ ಬರುತ್ತಲೇ ಇರಲಿಲ್ಲ.

ನಲ್ಲಿ ಎತ್ತರವಾಯಿತೆಂದು ತಿಳಿದು ಮೆಟ್ಟಿಲು ಕಟ್ಟಿಸಿದೆ. ಗಂಡುಮಕ್ಕಳ ನೂಕುನುಗ್ಗಲೆಂದು ತಿಳಿದು ಹೆಣ್ಣುಮಕ್ಕಳಿಗೆ ಬೇರೆ ಸಮಯವನ್ನು ಗೊತ್ತುಮಾಡಿದೆ. ಪ್ರಾರ್ಥನೆಯ ವೇಳೆಯಲ್ಲಿ ನೀರಿನ ಮಹತ್ವವನ್ನು ಕುರಿತು ಉಪದೇಶವನ್ನೂ ಮಾಡಿದೆ. ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ಕೊನೆಗೊಂದು ದಿನ ಶಾಲೆಯ ಕಸ ಗುಡಿಸುತ್ತಿದ್ದ ತಾಯಿಯು ನನ್ನ ಪೇಚಾಟವನ್ನು ನೋಡಲಾರದೆ ಹೇಳಿದಳು: “ಸ್ವಾಮಿ, ನೀರು ಕುಡುದ್ರೆ ಆಮ್ಯಾಲೆ ಆ ಮಕ್ಳು ಎಲ್ಲಿಗೋಗ್ಬೇಕು? ಆ ಬಾಗ್ಲಿಗೆ ಒಳಗಡೆ ಚಿಲ್ಕಾನೇ ಇಲ್ವಲ್ಲ.”

ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಹೊರಗಡೆ ಬೀಗವಿತ್ತು, ಅದರ ಬೀಗದ ಕೈ ನನ್ನ ಮೇಜಿನಲ್ಲಿತ್ತು. ಒಳಗಡೆ ಚಿಲಕವಿರಲಿಲ್ಲ. ಬೆಳಿಗ್ಗೆ ಮನೆಯಿಂದ ಹೊರಟು ಸಂಜೆ ಮನೆ ಸೇರುವವರೆಗೆ ಆ ಮಕ್ಕಳು ಬೇಕೆಂದೇ ಬಾಯಾರಿಕೊಂಡಿರುತ್ತಿದ್ದರು. ಅದೇ ವರ್ಷ ಎಂಟನೆಯ ತರಗತಿಯ ಇಬ್ಬರು ಹುಡುಗಿಯರು ಶಾಲೆ ಬಿಟ್ಟಿದ್ದರು. ಹಾಜರಿ ಪುಸ್ತಕದಲ್ಲಿ ‘ಮನೆಕೆಲಸ’ ಎಂದು ಕಾರಣವನ್ನು ಬರೆದವನು ನಾನೇ. ಅವರನ್ನು ಕೇಳಿ ಬರೆದುದಲ್ಲ.

ಹತ್ತು ರೂಪಾಯಿಯ ಚಿಲಕವನ್ನು ಅಂದು ಸಂಜೆಯೇ ತರಿಸಿ ಹಾಕಿಸಿದೆ. ಬೀಗದ ಕೈಯನ್ನು ಹುಡುಗಿಯರ ಕೈಗೇ ಕೊಟ್ಟೆ. ಒಳಗೆ ಒಂದು ಬಕೆಟ್ಟು, ನೀರು. ಆ ವಾರದಲ್ಲಿಯೇ ತೊಟ್ಟಿಯ ಮುಂದೆ ಹೆಣ್ಣುಮಕ್ಕಳು ಕಾಣಿಸಿಕೊಂಡರು. ಶಾಲೆ ಬಿಟ್ಟ ಇಬ್ಬರಲ್ಲಿ ಒಬ್ಬಳು ಮರಳಿ ಬಂದಳು. ಇನ್ನೊಬ್ಬಳು ಬರಲಿಲ್ಲ. ಬಿ.ಇಡಿ. ಓದದ ಆ ತಾಯಿಗೆ ತಿಳಿದದ್ದು ನನಗೆ ತಿಳಿಯಲಿಲ್ಲವಲ್ಲ ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ. ನಾನು ಮಕ್ಕಳಿಗಾಗಿ ಕಟ್ಟಿಸಿದ್ದೆ, ಮಕ್ಕಳನ್ನು ಕೇಳಿ ಕಟ್ಟಿಸಿರಲಿಲ್ಲ.

ವಿದ್ಯಾರ್ಥಿಗಳಿಗೆ ಅಭ್ಯಾಸ

ಪಾಠವೆಂದ ಮೇಲೆ ಅಭ್ಯಾಸವಿರಬೇಕು. ಇವಕ್ಕೆ ಕಂಪ್ಯೂಟರು ಬೇಕಿಲ್ಲ. ಒಂದು ನೋಟುಪುಸ್ತಕ, ಒಂದು ಪೆನ್ಸಿಲ್ಲು ಸಾಕು.

1. ನಿಮ್ಮ ತಾಯಿ ಅಡುಗೆ ಮಾಡುವಾಗ ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಿರಿ. ಎಷ್ಟು ಸಲ ಬಗ್ಗಿದರು, ಎಷ್ಟು ಸಲ ಎದ್ದರು, ಯಾವ ಡಬ್ಬಿಗಾಗಿ ಹುಡುಕಿದರು ಎಂಬುದನ್ನು ಬರೆಯಿರಿ. ಸಲಹೆ ಕೊಡಬೇಡಿರಿ. ಮೊದಲು ನೋಡುವುದನ್ನು ಕಲಿಯಿರಿ.

2. ಬಸ್ ನಿಲ್ದಾಣದಲ್ಲಿ ನಿಂತು, ಜನರು ಅತಿ ಹೆಚ್ಚಾಗಿ ಕೇಳುವ ಪ್ರಶ್ನೆಯನ್ನು ಗುರುತಿಸಿರಿ. ಒಂದೇ ಪ್ರಶ್ನೆಯನ್ನು ಹತ್ತು ಜನ ಕೇಳಿದರೆ ಅಲ್ಲಿ ಯಾವುದೋ ಒಂದು ಫಲಕವು ತನ್ನ ಕೆಲಸವನ್ನು ಮಾಡುತ್ತಿಲ್ಲವೆಂದು ಅರ್ಥ. ಓದು ಬಾರದವರಿಗೂ ಅರ್ಥವಾಗುವಂತೆ ಆ ಫಲಕವನ್ನು ರಟ್ಟಿನ ಮೇಲೆ ಬರೆದು ನೋಡಿರಿ.

3. ನಿಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ ಒಂದು ದಿನ ಕುಳಿತು, ಕಪ್ಪುಹಲಗೆಯು ಯಾವ ಹೊತ್ತಿನಲ್ಲಿ ಬಿಸಿಲಿಗೆ ಹೊಳೆದು ಕಾಣದಂತಾಗುತ್ತದೆ ಎಂಬುದನ್ನು ಗಮನಿಸಿರಿ.

4. ಒಬ್ಬರ ಕಷ್ಟವನ್ನು “ಆದ್ದರಿಂದ” ಎಂಬ ಪದವನ್ನು ಬಳಸದೆ ಒಂದೇ ವಾಕ್ಯದಲ್ಲಿ ಬರೆಯಿರಿ. “ಆದ್ದರಿಂದ” ಬಂದೊಡನೆ ನಾವು ನಮ್ಮ ಪರಿಹಾರವನ್ನು ಹೇರತೊಡಗುತ್ತೇವೆ.

ಹಿರಿಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ

ಇನ್ನು ಕೊನೆಯ ಮಾತು ಈ ಶಾಲೆಯಲ್ಲಿ ಓದಿ ನಾನಾ ಊರುಗಳಲ್ಲಿ ನೆಲೆಸಿರುವ ನಿಮಗೆ. ಮಹೋತ್ಸವದ ನೆನಪಿಗೆ ಶಾಲೆಗೆ ಏನಾದರೂ ಮಾಡಬೇಕೆಂಬ ಉತ್ಸಾಹ ನಿಮ್ಮಲ್ಲಿದ್ದೇ ಇರುತ್ತದೆ. ಒಬ್ಬರು ಮಹಾದ್ವಾರವೆನ್ನುತ್ತಾರೆ, ಒಬ್ಬರು ರಂಗಮಂಟಪವೆನ್ನುತ್ತಾರೆ, ಒಬ್ಬರು ಕಂಪ್ಯೂಟರ್ ಕೊಠಡಿಯೆನ್ನುತ್ತಾರೆ. ಎಲ್ಲವೂ ಒಳ್ಳೆಯವೇ. ನನ್ನ ತೊಟ್ಟಿಯೂ ಒಳ್ಳೆಯದೇ ಆಗಿತ್ತು.

ಗಡಿನಾಡಿನ ಕನ್ನಡ ಶಾಲೆಗಳಿಗೆ ಮಕ್ಕಳು ಕಡಿಮೆಯಾಗುತ್ತಿರುವುದನ್ನು ಕಂಡು ನಾವೆಲ್ಲರೂ ಕೊರಗುತ್ತೇವೆ. ಕಾರಣವನ್ನು ಮಾತ್ರ ನಾವೇ ತೀರ್ಮಾನಿಸಿಬಿಡುತ್ತೇವೆ: ಇಂಗ್ಲಿಷ್ ವ್ಯಾಮೋಹ, ತಂದೆತಾಯಿಗಳಿಗೆ ಅಭಿಮಾನವಿಲ್ಲ. ಇರಬಹುದು. ಆದರೆ ಮಗುವನ್ನು ಬಿಡಿಸಿಕೊಂಡು ಹೋದ ತಂದೆಯ ಮನೆಗೆ ಹೋಗಿ, ಜಗಲಿಯ ಮೇಲೆ ಕುಳಿತು, ವಾದಿಸದೆ ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಕಾರಣ ಬಸ್ಸಿನ ವೇಳೆಯೋ, ಹತ್ತನೆಯ ತರಗತಿಯ ನಂತರ ಮುಂದೇನೆಂಬ ಹೆದರಿಕೆಯೋ, ಪಠ್ಯಪುಸ್ತಕಗಳು ತಡವಾಗಿ ಬರುತ್ತವೆಂಬ ಆತಂಕವೋ, ಇಲ್ಲವೆ ನಮ್ಮಲ್ಲಿಯೇ ಎಲ್ಲಿಯೋ ಇಲ್ಲದ ಒಂದು ಚಿಲಕವೋ! ಅಭಿಮಾನವನ್ನು ಕುರಿತ ಭಾಷಣದಿಂದ ಇವು ಯಾವುವೂ ಸರಿಹೋಗುವುದಿಲ್ಲ.

ಆದುದರಿಂದ ನನ್ನ ಬಿನ್ನಹವಿಷ್ಟೆ. ಚೆಕ್ಕು ಬರೆಯುವುದಕ್ಕೆ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು ಬನ್ನಿರಿ. ವೇದಿಕೆಯ ಮೇಲೆ ಬೇಡ, ಕೊನೆಯ ಬೆಂಚಿನಲ್ಲಿ ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಅವರು ಕುಡಿಯುವ ನೀರನ್ನು ಕುಡಿಯಿರಿ, ಅವರು ಬರುವ ಬಸ್ಸಿನಲ್ಲಿ ಬನ್ನಿರಿ. ಕಸ ಗುಡಿಸುವ ತಾಯಿಯೊಡನೆಯೂ ನಾಲ್ಕು ಮಾತನಾಡಿರಿ. ಸಂಜೆಯ ಹೊತ್ತಿಗೆ ಶಾಲೆಗೆ ಏನು ಬೇಕೆಂಬುದು ನಿಮಗೇ ಹೊಳೆಯುತ್ತದೆ. ಅದಕ್ಕೆ ಮಹಾದ್ವಾರದಷ್ಟು ಖರ್ಚು ಬರಲಾರದು.

ಐವತ್ತು ವರ್ಷಗಳ ಹಿಂದೆ ಈ ಶಾಲೆಯನ್ನು ಕಟ್ಟಿದ ಹಿರಿಯರು ವಿನ್ಯಾಸ ಚಿಂತನೆ ಎಂಬ ಪದವನ್ನು ಕೇಳಿದವರಲ್ಲ. ಮನೆಯಲ್ಲಿ ಕನ್ನಡವಾಡುವ ಮಗು ಮೊದಲ ದಿನ ಶಾಲೆಗೆ ಬಂದಾಗ ಅದಕ್ಕೆ ಅರ್ಥವಾಗುವ ಮಾತಿನಲ್ಲಿಯೇ “ಬಾ ಮಗೂ, ಕುಳಿತುಕೋ” ಎನ್ನುವವರು ಒಬ್ಬರಿರಬೇಕೆಂದು ಬಯಸಿದರು. ಮಗುವನ್ನು ನೋಡಿ ಶಾಲೆಯನ್ನು ಕಟ್ಟಿದರು. ಮುಂದಿನ ಐವತ್ತು ವರ್ಷಗಳಲ್ಲಿಯೂ ನಾವು ಹಾಗೆಯೇ ಮಗುವನ್ನು ನೋಡುತ್ತಿರುವಂತಾಗಲಿ ಎಂದು ಹಾರೈಸಿ, ಈ ಪಾಠವನ್ನು ಮುಗಿಸುತ್ತೇನೆ.